ಬೆಟ್ಟದ ರಾಜಕುಮಾರಿಯ ಮೇಲೊಂದು ಸವಿನಯ ತಕರಾರು

ಇವರಿಗೆ,
ಮಾನ್ಯ ಮುಖ್ಯಸ್ಥರು, ಮಹಿಳೆಯರ ಬೂಟು ವಿಭಾಗ.
(ಕಂಪನಿಯ ಹೆಸರನ್ನು ಅದರ ಮರ್ಯಾದೆ ಉಳಿಯಲೆಂದು ಬರೆದಿಲ್ಲ. ಓದಿದ ಕೂಡಲೇ ತಮಗೆ ತಮ್ಮ ಗುರುತು ಸಿಗುತ್ತದೆ.)

ಪ್ರತಿ: ನಮ್ಮ ಬೆಟ್ಟದ ದೇವಿಯವರಿಗೆ, ಅವರ ದಯಾಪೂರ್ಣ ಗಮನಕ್ಕೆ.

ಮಾನ್ಯರೇ,

ಅಂಗಳದ ಕಾಕಿ ಮರದ ತುದಿಯಲ್ಲಿ ಹಕ್ಕಿಗಳಿಗೆಂದು ಬಿಟ್ಟ ಕೊನೆಯ ಹಣ್ಣೂ ಮಾಗಿ, ಬೆಳಗಿನ ಹೊತ್ತು ತೊಟ್ಟಿಯ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತಿರುವ ಈ ಚಳಿಗಾಲದಲ್ಲಿ, ತಾವೂ ತಮ್ಮ ಕುಟುಂಬದವರೂ ತಮ್ಮ ಕಾರ್ಖಾನೆಯ ರಬ್ಬರು ಕಾಯಿಸುವ ಒಲೆಗಳೂ ಬೆಚ್ಚಗಿರುವಿರೆಂದು ನಂಬಿದ್ದೇನೆ. ಅದರಲ್ಲೂ ತಮ್ಮ ಪಾದಗಳು ಕ್ಷೇಮವಾಗಿರಲೆಂದು ವಿಶೇಷವಾಗಿ ಹಾರೈಸುತ್ತೇನೆ, ಏಕೆಂದರೆ ಈ ಪತ್ರ ಬರೆಯುವ ಹೊತ್ತಿಗೆ ನನ್ನ ಪಾದಗಳು ಬಿಸಿನೀರಿನ ಬೋಗುಣಿಯಲ್ಲಿವೆ, ಮತ್ತು ಅದಕ್ಕೆ ಅರ್ಧ ಕಾರಣ ತಾವು. ಉಳಿದರ್ಧ ಯಾರು ಎಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನನ್ನ ಹೆಸರು ಕುರೊಗಿ ತಾಮಾಯೊ. ಹಿಸೊದಾನಿ ಎಂಬ ಬೆಟ್ಟದೂರಿನಲ್ಲಿ ಇರುವ ಒಂದೇ ಕ್ಷೌರದಂಗಡಿ ನನ್ನದು. ಊರಿನ ಗಂಡಸರೆಲ್ಲರ ಗಂಟಲ ಮೇಲೂ ತಿಂಗಳಿಗೊಮ್ಮೆಯಾದರೂ ಕತ್ತಿ ಆಡಿಸುವವಳಾದ್ದರಿಂದ ಇಲ್ಲಿ ನನಗೆ ತಿಳಿಯದ ಸಂಗತಿ ಇಲ್ಲ, ಮತ್ತು ನನ್ನೆದುರು ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಕೈ ನಡುಗದಿರುವುದು ನನ್ನ ಕಸುಬಿಗೆ ಬೇಕಾದ ಗುಣ, ಬಂದೂಕಿಗೂ ಬೇಕಾದದ್ದು ಅದೇ. ಹಾಗಾಗಿ ಹೋದ ವರ್ಷ, ಕಾಡುಹಂದಿಗಳು ನನ್ನ ಸಿಹಿಗೆಣಸಿನ ಪಾತಿಯನ್ನು ಮೂರನೆಯ ಸಲ ಉತ್ತು ಹಾಕಿ ಹೋದ ಬೆಳಿಗ್ಗೆ, ಸಿಟ್ಟು ನೆತ್ತಿಗೇರಿ ಪಟ್ಟಣಕ್ಕೆ ಹೋಗಿ ಪರೀಕ್ಷೆ ಕಟ್ಟಿ ಬಂದೂಕಿನ ಪರವಾನಗಿ ಪಡೆದುಕೊಂಡು ಬಂದೆ.

ನಮ್ಮೂರಿನ ಹಂದಿ ಬೇಟೆಯ ಕ್ರಮವನ್ನು ತಮಗೆ ಎರಡು ಮಾತಿನಲ್ಲಿ ನಿವೇದಿಸುತ್ತೇನೆ. ಒಬ್ಬಿಬ್ಬರು ನಾಯಿಗಳ ಜೊತೆ ಕೆಳಗಿನಿಂದ ಹಂದಿಯನ್ನು ಎಬ್ಬಿಸುತ್ತಾರೆ, ಉಳಿದವರು ಅದು ತಪ್ಪಿಸಿಕೊಳ್ಳುವ ದಾರಿಗಳಲ್ಲಿ ಒಬ್ಬೊಬ್ಬರಾಗಿ ಕಾದು ನಿಲ್ಲುತ್ತಾರೆ. ಹಾಗೆ ಕಾದು ನಿಲ್ಲುವ ಜಾಗಕ್ಕೆ ಮಬುಶಿ ಎನ್ನುತ್ತೇವೆ. ಹಂದಿ ಹೆಚ್ಚಾಗಿ ಓಡುವುದು ಹೊಳೆಯ ಬದಿಗೆ, ಆದ್ದರಿಂದ ಹೊಳೆ ಮಬುಶಿ ಖಾಲಿಯಿದ್ದರೆ ಬೇಟೆಯೇ ಇಲ್ಲ. ಅಲ್ಲಿ ನಿಲ್ಲುತ್ತಿದ್ದವರು ಮಂಡಿಯ ಆಪರೇಷನ್ ಮಾಡಿಸಿಕೊಂಡು ಈಗ ಬಿಸಿ ಮೇಜಿನಡಿ ಕಾಲು ಚಾಚಿ ಟಿವಿಯಲ್ಲಿ ಸುಮೊ ಕುಸ್ತಿ ನೋಡುತ್ತಾರೆ. ತಂಡದ ಹಿರಿಯರಾದ ನಾಸು ಗೆನ್ಶಿರೊ ಅಜ್ಜನವರು, ಆ ಜಾಗಕ್ಕೆ ಜನ ಸಿಗದಿದ್ದರೆ ಈ ವರ್ಷವೇ ತಂಡವನ್ನು ಮುಚ್ಚುತ್ತೇನೆಂದು ಸಾರಿಬಿಟ್ಟಿದ್ದರು.

ಇನ್ನೊಂದು ಕ್ರಮವೂ ಉಂಟು. ಬಿದ್ದ ಹಂದಿಯನ್ನು ಬೆಟ್ಟಕ್ಕೆ ಹೋದವರೆಲ್ಲರಿಗೂ ಸಮಪಾಲು ಹಾಕುತ್ತಾರೆ, ನಾಯಿಗಳಿಗೂ ಪಾಲುಂಟು. ಇಷ್ಟು ವರ್ಷ ಕೆಳಗಡೆ ಚಪ್ಪರದಲ್ಲಿ ಕೂತು ಕರುಳು ತೊಳೆದು, ಮೂಳೆ ಸಾರು ಕುದಿಸಿ, ಬಟ್ಟಲು ಬೆಳಗಿದ ನನಗೆ ಪಾಲಿಲ್ಲ, ಏಕೆಂದರೆ ನಾನು ಬೆಟ್ಟಕ್ಕೆ ಹೋದವಳಲ್ಲ. ಹೋಗಲಿ ಬಿಡಿ, ಮಾಂಸಕ್ಕೆ ಬಾಯಿ ಬಿಡುವ ಪೈಕಿ ನಾನಲ್ಲ. ಆದರೆ ಅಜ್ಜನ ನಾಯಿ ಗೊಂಟಾ ತನ್ನ ಪಾಲನ್ನು ನನ್ನ ಮುಂದೆಯೇ ತಂದಿಟ್ಟುಕೊಂಡು, ನನ್ನ ಮುಖವನ್ನೇ ನೋಡುತ್ತ ನಿಧಾನವಾಗಿ ಅಗಿಯುವಾಗ ಹೊಟ್ಟೆ ಉರಿಯುತ್ತದೆ ಮಾನ್ಯರೇ, ಸುಳ್ಳು ಯಾಕೆ ಹೇಳಲಿ.

ಆದ್ದರಿಂದ ಒಂದು ದಿನ ಅಜ್ಜ ಕ್ಷೌರಕ್ಕೆ ಬಂದು ಕುರ್ಚಿಯಲ್ಲಿ ಒರಗಿ, ನಾನು ಅವರ ಕುತ್ತಿಗೆಗೆ ನೊರೆ ಹಚ್ಚಿ ಮುಗಿಸಿದಾಗ ವಿಷಯ ಎತ್ತಿದೆ.

“ಅಜ್ಜ, ಹೊಳೆ ಮಬುಶಿಗೆ ಯಾರೂ ಸಿಗ್ಲಿಲ್ವಂತೆ?”

“ಎಲ್ಲಿ ಸಿಗ್ತಾರೆ ತಾಯಿ.”

“ನಾನಿದ್ದೀನಲ್ಲ.”

“ನೀನಾ? ಹೆಂಗಸಾ? ಬೆಟ್ಟದಮ್ಮ ಸುಮ್ನೆ ಬಿಡ್ತಾಳಾ? ಏನು ಮಾತಾಡ್ತೀಯ... ಏಯ್, ಮೊದ್ಲು ಆ ಕತ್ತಿ ಆಚೆ ತೆಗಿಯಮ್ಮ.”

“ತೆಗೀತೀನಿ. ಮೊದ್ಲು ನೀವು ಹ್ಞೂಂ ಅನ್ನಿ.”

ಅಜ್ಜ ಹ್ಞೂಂ ಅಂದರು. ತಲೆ ಮಾತ್ರ ಅಲ್ಲಾಡಿಸಲಿಲ್ಲ, ಅದು ಅವರ ವಿವೇಕ.

ತಮ್ಮ ಕಚೇರಿಯ ಕಿಟಕಿಯಿಂದ ಬೆಟ್ಟ ಕಾಣುವುದಿಲ್ಲವೆಂದು ಊಹಿಸಿ ನಮ್ಮ ದೇವಿಯವರ ಬಗ್ಗೆ ಒಂದು ಮಾತು ಹೇಳಬೇಕು. ಬೆಟ್ಟದ ಹಂದಿ, ಜಿಂಕೆ, ಅಣಬೆ ಎಲ್ಲಕ್ಕೂ ಅವರೇ ಒಡತಿ. ಮನಸ್ಸು ದೊಡ್ಡದು, ಕೊಡುವ ಕೈ ಇನ್ನೂ ದೊಡ್ಡದು, ಆದರೆ ರೂಪ ಮಾತ್ರ ಅಷ್ಟಕ್ಕಷ್ಟೆ, ಮತ್ತು ಅದು ಅವರಿಗೂ ಗೊತ್ತು. ತಮಗಿಂತ ಚೆಂದದ ಹೆಣ್ಣು ಬೆಟ್ಟ ಹತ್ತಿದರೆ ಅವರಿಗೆ ಮೈಯೆಲ್ಲ ಉರಿ, ಆಮೇಲೆ ಹಂದಿಯೂ ಇಲ್ಲ ಗಿಂದಿಯೂ ಇಲ್ಲ. ಅದಕ್ಕೇ ನಮ್ಮ ಬೇಟೆಗಾರರು ಎದೆಯ ಜೇಬಿನಲ್ಲಿ ಒಂದು ಒಣಗಿದ ಒಕೊಜೆ ಮೀನು ಇಟ್ಟುಕೊಂಡಿರುತ್ತಾರೆ. ಸಮುದ್ರದಲ್ಲಿ ಅದರಷ್ಟು ಕುರೂಪಿ ಮೀನು ಮತ್ತೊಂದಿಲ್ಲ, ಸೊಟ್ಟ ಬಾಯಿ, ಗುಡ್ಡೆ ಮೇಲೆದ್ದ ಕಣ್ಣು, ಮೈತುಂಬ ಗಂಟು. ಅದನ್ನು ಪದರ ಪದರ ಕಾಗದದಲ್ಲಿ ಸುತ್ತಿ ಒಯ್ದು, ಹಂದಿ ಸಿಗದಿದ್ದಾಗ ತುಸುವೇ ಬಿಚ್ಚಿ ತೋರಿಸುತ್ತಾರೆ. ತನಗಿಂತ ಕೆಟ್ಟದಾಗಿರುವುದೂ ಜಗತ್ತಿನಲ್ಲಿ ಇದೆಯಲ್ಲ ಎಂದು ದೇವಿ ನಗುತ್ತಾರೆ, ನಕ್ಕ ಖುಷಿಯಲ್ಲಿ ಹಂದಿ ಕೊಡುತ್ತಾರೆ.

ಅಜ್ಜ ನನಗೆ ಹಾಕಿದ ಷರತ್ತೂ ಅದಕ್ಕೆ ತಕ್ಕಂತೆಯೇ ಇತ್ತು. “ಬಾ, ಬೇಡ ಅನ್ನಲ್ಲ. ಆದ್ರೆ ಶೋಕಿ ಮಾಡ್ಕೊಂಡು ಬರ್ಬೇಡ. ಮುಖದ ಬಗ್ಗೆ ನಂಗೇನೂ ಚಿಂತೆ ಇಲ್ಲ, ಅದು ಹೆಂಗಿದೆಯೋ ಹಂಗೇ ತಗೊಂಡು ಬಾ.” ಮುಖದ ಬಗೆಗಿನ ಆ ಮಾತಿಗಾಗಿ ಅವತ್ತು ಅವರ ಎಡಗಡೆಯ ಮೀಸೆ ಬಲಗಡೆಗಿಂತ ಸ್ವಲ್ಪ ಹೆಚ್ಚೇ ಹೋಯಿತೆಂದು ಊರವರು ಹೇಳುತ್ತಾರೆ. ನನಗೆ ಹಾಗೇನೂ ಕಾಣಲಿಲ್ಲ.

ಇನ್ನುಳಿದದ್ದು ಬೂಟು. ಅಂಗಿ, ಟೋಪಿ ತಂಡದವರೇ ಕೊಟ್ಟರು, ಎರಡೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದವು. ಅದರಲ್ಲಿ ಚೆಂದ ಕಾಣುವವರು ಇನ್ನೂ ಹುಟ್ಟಿಲ್ಲವಾದ್ದರಿಂದ ದೇವಿಯವರ ಆಕ್ಷೇಪಣೆ ಇರುವುದು ಸಾಧ್ಯವಿರಲಿಲ್ಲ. ಬೂಟು ಆರಿಸುವುದು ಒಂದು ಮಧ್ಯಾಹ್ನದ ಕೆಲಸವೆಂದು ನಂಬಿ, ಅಂಗಡಿಯ ಬಾಗಿಲಿಗೆ ‘ಈಗ ಬಂದೆ’ ಎಂಬ ಹಲಗೆ ನೇತುಹಾಕಿ ನಾನು ಪಟ್ಟಣದ ಬಸ್ಸು ಹತ್ತಿದೆ.

ಪಟ್ಟಣದ ಆ ದೊಡ್ಡ ಅಂಗಡಿಯಲ್ಲಿ ತಮ್ಮ ಕಂಪನಿಯ ಬೂಟುಗಳಿಗೇ ಒಂದು ಇಡೀ ಗೋಡೆ ಮೀಸಲು. ಆಹಾ, ಏನು ಬೂಟುಗಳು! ಕೊಳೆತ ಎಲೆಯ ಬಣ್ಣ, ಪಾಚಿಗಟ್ಟಿದ ಬಂಡೆಯ ಬಣ್ಣ, ಅಟ್ಟೆಯ ತುಂಬ ಮೊಳೆ, ಮುಳ್ಳು ಚುಚ್ಚದ ದಪ್ಪ ರಬ್ಬರು, ಕಣಕಾಲನ್ನು ಹಿಡಿದು ನಿಲ್ಲಿಸುವ ಪಟ್ಟಿ. ತಮ್ಮ ಎಂಜಿನಿಯರುಗಳು ಹಂದಿಯ ಜೊತೆಯೇ ವಾಸ ಮಾಡಿ ಬಂದವರಿರಬೇಕೆಂದು ಮನಸ್ಸಿನಲ್ಲೇ ಕೈ ಮುಗಿದೆ. ಆ ಗೋಡೆಯ ಮೇಲಿನ ಅತಿ ಸಣ್ಣ ಬೂಟು ಇಪ್ಪತ್ತೈದು ಸೆಂಟಿಮೀಟರಿನದು, ನನ್ನ ಪಾದ ಇಪ್ಪತ್ತೆರಡೂವರೆ. ಅಷ್ಟರಲ್ಲಿ ಕುತ್ತಿಗೆಗೆ ಟೈ ಬಿಗಿದ ಒಬ್ಬ ತರುಣರು ಬಗ್ಗಿ ನಮಸ್ಕರಿಸಿ ಎದುರು ನಿಂತರು.

“ಯಜಮಾನ್ರಿಗಾ ಮೇಡಂ?”

“ನನಗೇ.”

“ಓ, ಹಿತ್ತಿಲ ಕೆಲಸಕ್ಕಾ?”

“ಹಂದಿಗೆ.”

“ಹಂದಿಗೆ ಬೂಟಾ ಮೇಡಂ?”

ಅವರ ತಪ್ಪಲ್ಲ, ಪಾಪ. ತಮ್ಮ ಗೋಡೆಯ ಲೆಕ್ಕದಲ್ಲಿ ಬೂಟು ಹಾಕಿಕೊಂಡು ಹಂದಿಯ ಹಿಂದೆ ಓಡುವ ಹೆಂಗಸಿಗಿಂತ ಬೂಟು ಹಾಕಿಕೊಂಡ ಹಂದಿಯೇ ಹೆಚ್ಚು ನಂಬುವಂಥದು. ವಿಷಯ ಬಿಡಿಸಿ ಹೇಳಿದ ಮೇಲೆ ಅವರು ನನ್ನನ್ನು ಕೊಡೆಗಳ ಪಕ್ಕದ ಒಂದು ಗೂಡಿನ ಬಳಿ ಕರೆದೊಯ್ದು, ಎರಡೂ ಕೈ ಚಾಚಿ, “ಮಹಿಳೆಯರ ವಿಭಾಗ” ಎಂದರು. ಅಲ್ಲಿ ಗುಲಾಬಿ ಬಣ್ಣದ ಒಂದು ಜೊತೆ ನಿಂತಿತ್ತು. ಮೇಲ್ಗಡೆ ಬಿಳಿ ತುಪ್ಪಳ, ಹಿಂದೆ ರಿಬ್ಬನ್ನಿನ ಹೂವು, ಕೆಳಗೆ ಸಣ್ಣದೊಂದು ಹೀಲು, ಪಕ್ಕದಲ್ಲಿ ಬಂಗಾರದ ಅಕ್ಷರಗಳಲ್ಲಿ ‘ಬೆಟ್ಟದ ರಾಜಕುಮಾರಿ’. ನಾನು ಅದಕ್ಕೂ ಬಗ್ಗಿ ನಮಸ್ಕರಿಸಿ ವಾಪಸು ಬಂದೆ.

ಅದಾದ ಮೇಲೆ ನಾನು ಪಟ್ಟ ಪಾಡನ್ನು ಹೇಳಿ ತಮ್ಮ ಸಮಯ ತಿನ್ನುವುದಿಲ್ಲ, ಸ್ವಲ್ಪ ಮಾತ್ರ ತಿನ್ನುತ್ತೇನೆ. ನನ್ನ ಯಜಮಾನರಾದ ಕಾನ್‌ಜಿಯವರು ಶಾಲೆಯ ಬಸ್ಸು ಓಡಿಸುವವರು. ಅವರ ಬೂಟಿಗೆ ಉಣ್ಣೆಯ ಕಾಲುಚೀಲಗಳನ್ನು ಒಂದರ ಮೇಲೊಂದು ತುಂಬಿಕೊಂಡು ಗೆಣಸಿನ ಪಾತಿಯಲ್ಲಿ ಅಭ್ಯಾಸಕ್ಕಿಳಿದೆ. ನಾನು ಮುಂದೆ ಹೋದೆ, ಬೂಟು ಕೆಸರಿನಲ್ಲೇ ಉಳಿಯಿತು. ಹೆಬ್ಬೆರಳಿಗೆ ಬೇರೆ ಗೂಡಿರುವ ಬಟ್ಟೆಯ ಜೋಡು ಹಾಕಿಕೊಂಡು ಹೊಳೆ ಬದಿಯಲ್ಲಿ ಒಂದು ಬೆಳಗು ನಿಂತು ನೋಡಿದೆ, ನೀರು ಒಳಹೊಕ್ಕು ಬೆರಳುಗಳು ನನ್ನವೋ ಪಕ್ಕದ ಮನೆಯವರವೋ ಎಂದು ತಿಳಿಯದ ಹಾಗಾಯಿತು. ನನ್ನ ಅಳತೆಗೆ ಸರಿಯಾಗಿ ಸಿಕ್ಕ ಗಟ್ಟಿ ಬೂಟೆಂದರೆ ತಮ್ಮದೇ ಮಕ್ಕಳ ವಿಭಾಗದ್ದು. ಅದರಲ್ಲಿ ಹೆಜ್ಜೆ ಇಟ್ಟಾಗಲೆಲ್ಲ ಹಿಂಬದಿಯಲ್ಲಿ ನೀಲಿ ದೀಪ ಮಿನುಗಿ ‘ಪೀಂಯ್’ ಎನ್ನುತ್ತಿತ್ತು, ಹಂದಿಗಳಿಗೆ ಮುಂಚಿತವಾಗಿ ಸೂಚನೆ ಕೊಡುವ ತಮ್ಮ ಸೌಜನ್ಯಕ್ಕೆ ನಾನು ಮನಸೋತೆ.

ಕೊನೆಗೆ ತಮ್ಮ ಕಂಪನಿಗೇ ಫೋನು ಮಾಡಿದೆ. ಫೋನೆತ್ತಿದ ಹುಡುಗಿಯ ದನಿ ಎಷ್ಟು ಸಿಹಿಯೆಂದರೆ ಅದನ್ನು ಚಹಾಕ್ಕೆ ಹಾಕಿ ಕುಡಿಯಬಹುದಿತ್ತು.

“ಹೆಂಗಸರಿಗೆ ಬೇಟೆ ಬೂಟು ಇದ್ಯಾಮ್ಮ?”

“ಇದೆ ಮೇಡಂ! ನಮ್ಮ ಬೆಟ್ಟದ ರಾಜಕುಮಾರಿ. ಬೇಟೆಗಂತಾನೇ ಮಾಡಿರೋದು.”

“ಅಟ್ಟೇಲಿ ಮೊಳೆ ಇದ್ಯಾ?”

“ಮೊಳೆ ಇಲ್ಲ ಮೇಡಂ, ಕಾಲು ಉದ್ದ ಕಾಣೋ ಹಾಗೆ ಹೀಲ್ ಕೊಟ್ಟಿದ್ದೀವಿ.”

“ಯಾರಿಗೆ ಕಾಣ್ಬೇಕಮ್ಮ? ಹಂದಿಗಾ?”

“...ಬಣ್ಣಾನೂ ತುಂಬ ಇದೆ ಮೇಡಂ. ಚೆರ್ರಿ ಹೂವಿನ ಬಣ್ಣ, ಪೀಚ್ ಹೂವಿನ ಬಣ್ಣ, ಪ್ಲಮ್ ಹೂವಿನ ಬಣ್ಣ.”

“ಅಂದ್ರೆ ಗುಲಾಬಿ, ಗುಲಾಬಿ, ಗುಲಾಬಿ.”

“ಮೂರೂ ಬೇರೆ ಬೇರೆ ಗುಲಾಬಿ ಮೇಡಂ!”

“ಆಯ್ತು. ಇದನ್ನ ಮಾಡೋ ಮುಂಚೆ ಒಬ್ಬ ಹೆಂಗಸನ್ನಾದ್ರೂ ಕೇಳಿದ್ರಾ?”

“ಕೇಳದೆ ಇರ್ತೀವಾ ಮೇಡಂ? ಬೇಟೆಗಾರರ ಹೆಂಡ್ತಿಯರನ್ನೆಲ್ಲ ಕೂರಿಸ್ಕೊಂಡು ಕೇಳಿದ್ವಿ.”

ಆ ಹುಡುಗಿಗೆ ಸಂಬಳ ಹೆಚ್ಚಿಸಬೇಕೆಂದು ಶಿಫಾರಸು ಮಾಡುತ್ತೇನೆ, ಏಕೆಂದರೆ ತಮ್ಮ ಕಂಪನಿಯ ಇಡೀ ತತ್ವವನ್ನು ಅವಳು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದಳು.

ಬೇಟೆಯ ಕಾಲ ಬಂದೇಬಿಟ್ಟಿತು. ಬೇರೆ ದಾರಿ ಕಾಣದೆ ರಾಜಕುಮಾರಿಯನ್ನೇ ಮನೆಗೆ ತಂದೆ. ಸತ್ಯ ಹೇಳಬೇಕಾದರೆ, ಮತ್ತು ದೂರು ಬರೆಯುವಾಗ ಸತ್ಯ ಹೇಳುವುದು ನನ್ನ ಕೆಟ್ಟ ಅಭ್ಯಾಸ, ಅದು ನನ್ನ ಕಾಲಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ನೀರು ಒಂದು ಹನಿ ಒಳಗೆ ಬರಲಿಲ್ಲ. ಒಳಗಿನ ಬಿಸುಪು ಹಾಸಿಗೆಯದೇ. ಒಳಗಿನಿಂದ ಅಷ್ಟು ಒಳ್ಳೆಯ ಬೂಟಿಗೆ ಹೊರಗಿನಿಂದ ಅಂಥ ಗತಿ ತರಬೇಕಾದರೆ ತಮಗೆ ಎಷ್ಟು ಸಭೆಗಳು ಬೇಕಾದವೋ ಏನೋ. ಕಿತ್ತಳೆ ಅಂಗಿಯ ಕೆಳಗೆ ಅದನ್ನು ತೊಟ್ಟು ನಾನು ಹಜಾರಕ್ಕೆ ಬಂದಾಗ ಕಾನ್‌ಜಿ ಬಿದ್ದು ಬಿದ್ದು ನಕ್ಕು, “ಮಂಡಿಯಿಂದ ಮೇಲೆ ಟ್ರಾಫಿಕ್ ಪೊಲೀಸು, ಮಂಡಿಯಿಂದ ಕೆಳಗೆ ಮದುವಣಗಿತ್ತಿ! ಯಾವುದಕ್ಕೆ ಸಲ್ಯೂಟ್ ಹೊಡೀಲೇ?” ಎಂದರು. ಆ ದಿನ ಅವರಿಗೆ ತಿಂಡಿ ಸಿಗಲಿಲ್ಲ.

ಬೆಟ್ಟದ ಬುಡದಲ್ಲಿ ದೇವಿಯವರ ಪುಟ್ಟ ಗುಡಿಯಿದೆ, ಬೇಟೆಗೆ ಮೊದಲು ಎಲ್ಲರೂ ಅಲ್ಲಿ ಕೈ ಮುಗಿಯುವುದು ವಾಡಿಕೆ. ಗೆನ್ಶಿರೊ ಅಜ್ಜ ಕಣ್ಣು ಮುಚ್ಚಿ ಪ್ರಾರ್ಥಿಸಿ, ಕಣ್ಣು ತೆರೆದು, ನನ್ನ ಕಾಲು ನೋಡಿದರು. ಆಮೇಲೆ ಕನ್ನಡಕ ಹಾಕಿಕೊಂಡು ಬಗ್ಗಿ ಬಂಗಾರದ ಅಕ್ಷರಗಳನ್ನು ಗಟ್ಟಿಯಾಗಿ ಓದಿದರು. ಓದಿದವರೇ ಎರಡೂ ಕೈಯಿಂದ ತಮ್ಮ ಬಾಯಿ ಮುಚ್ಚಿಕೊಂಡರು, ದೇವಿಗೆ ಕೇಳಿಸಿತೆಂದು.

“ಅಯ್ಯಯ್ಯೋ! ಎಂಥ ಕೆಲಸ ಮಾಡ್ಬಿಟ್ಟೆ ತಾಯಿ! ಈ ಬೆಟ್ಟಕ್ಕೆ ಇರೋಳು ಒಬ್ಳೇ ಒಡತಿ. ಅವಳ ಮನೆ ಬಾಗಿಲಿಗೇ ಬಂದು ‘ನಾನೇ ಇಲ್ಲಿ ರಾಜಕುಮಾರಿ’ ಅಂತೀಯ, ಅದನ್ನೂ ಕಾಲಲ್ಲಿ ಬರ್ಕೊಂಡು ಬಂದಿದ್ದೀಯಲ್ಲ!”

ಮಾನ್ಯರೇ, ತಮ್ಮ ಕಚೇರಿಯಲ್ಲಿ ಹೆಸರಿಡುವ ಕೆಲಸಕ್ಕೆಂದೇ ಓದಿದವರು ಇದ್ದಾರೆಂದು ಕೇಳಿದ್ದೇನೆ. ಬೆಟ್ಟದಲ್ಲಿ ಹೇಳಬಾರದ ಎರಡೇ ಎರಡು ಮಾತುಗಳನ್ನು ಹುಡುಕಿ ತೆಗೆದು, ಒಂದರ ಪಕ್ಕ ಒಂದು ಕೂರಿಸಿ, ಬಂಗಾರದಲ್ಲಿ ಅಚ್ಚು ಹಾಕಿದ ಅವರ ಪ್ರತಿಭೆ ಸಾಮಾನ್ಯದ್ದಲ್ಲ.

ಹಿಂದಕ್ಕೆ ಕಳಿಸಿದರೆ ಮಬುಶಿ ಖಾಲಿ, ಹಾಗಾಗಿ ಅಜ್ಜ ನನ್ನನ್ನು ಕರೆದೊಯ್ದರು. ಹೊಳೆಯ ಬದಿಯ ಬಂಡೆಯ ಮೇಲೆ ನಾನು ನಿಂತೆ. ಬಹಳ ಹೊತ್ತಿನ ಮೇಲೆ ನಾಯಿಗಳ ಕೂಗು ಹತ್ತಿರವಾಯಿತು, ಪೊದೆ ಅಲ್ಲಾಡಿತು, ಸಣ್ಣ ಎಮ್ಮೆಯಷ್ಟಿದ್ದ ಹಂದಿಯೊಂದು ನೇರ ನನ್ನ ಕಡೆಗೇ ಬಂತು. ನಾನು ಬಂದೂಕೆತ್ತಲು ಒಂದು ಹೆಜ್ಜೆ ಊರಿದೆ. ಕಾಲು ಉದ್ದ ಕಾಣಲೆಂದು ತಾವು ಕೊಟ್ಟ ಹೀಲು ಒದ್ದೆ ಕಲ್ಲಿನ ಮೇಲೆ ಜಾರಿತು, ಕಾಲು ನಿಜಕ್ಕೂ ಬಹಳ ಉದ್ದವಾಗಿ, ಒಂದು ಆ ಕಡೆಗೆ, ಒಂದು ಈ ಕಡೆಗೆ. ಬಂದೂಕನ್ನು ತಲೆಯ ಮೇಲೆ ಹಿಡಿದುಕೊಂಡು ನಾನು ಹೊಳೆಯಲ್ಲಿ ಕುಳಿತೆ. ಹಂದಿ ನಿಂತು ನನ್ನ ಬೂಟನ್ನು ನೋಡಿತು, ಮೂಗು ಅರಳಿಸಿ ಮೂಸಿತು, ಆಮೇಲೆ ಅವಸರವಿಲ್ಲದೆ ದಾಟಿಕೊಂಡು ಹೋಯಿತು. ವಾಕಿ-ಟಾಕಿಯಲ್ಲಿ ಅಜ್ಜನ ದನಿ ಬಂತು.

“ಹೊಳೆ ಮಬುಶಿ, ಬಂತಾ?”

“ಬಂತು.”

“ಹೊಡೆದ್ಯಾ?”

“ಕೂತೆ.”

ಆ ಇಡೀ ದಿನ ಮತ್ತೊಂದು ಹಂದಿ ಕಾಣಿಸಲಿಲ್ಲ. ಅಜ್ಜ ಒಕೊಜೆ ಮೀನನ್ನು ಬಿಚ್ಚಿ ತೋರಿಸಿದರೂ ದೇವಿ ಈ ಕಡೆ ತಿರುಗಲಿಲ್ಲ, ಎಲ್ಲಿಂದ ತಿರುಗಬೇಕು, ಅವರ ಕಣ್ಣು ನನ್ನ ಕಾಲಿನ ಮೇಲೆಯೇ ನೆಟ್ಟಿದ್ದಿರಬೇಕು. ಸಂಜೆ ತಂಡದ ಮುದುಕರೂ ನಾನೂ ಖಾಲಿ ಕೈಯಲ್ಲಿ ಇಳಿದೆವು. ಗುಡಿಯ ಮುಂದೆ ಅಜ್ಜ ನಿಂತು, ನನ್ನ ಮುಖ ನೋಡದೆ ಹೇಳಿದರು: “ಮುಂದಿನ ಭಾನ್ವಾರ ಆ ರಾಜಕುಮಾರಿ ಬರೋದಾದ್ರೆ ನೀನು ಬರ್ಬೇಡ ತಾಮಾಯೊ. ನೀನು ಬರ್ದಿದ್ರೆ ಹೊಳೆ ಕಡೆ ಜನ ಇಲ್ಲ. ಜನ ಇಲ್ದಿದ್ರೆ ಸೋಮ್ವಾರ ಹೋಗಿ ಬಂದೂಕು ಠಾಣೆಗೆ ಒಪ್ಪಿಸ್ತೀನಿ. ಸಾಕು, ವಯಸ್ಸೂ ಆಯ್ತು.”

ಅವರಿಗೆ ಸಿಟ್ಟು ಬಂದಿದ್ದರೆ ನಾನು ತಿರುಗಿ ಜಗಳವಾಡುತ್ತಿದ್ದೆ. ಸಿಟ್ಟಿರಲಿಲ್ಲ. ಅಜ್ಜನಿಗೆ ಅಳು ಬಂದಿತ್ತು, ನನಗೂ ಬಂತು, ಮತ್ತು ನಾವಿಬ್ಬರೂ ಚಳಿಗೆ ಮೂಗು ಸೋರುತ್ತಿದೆಯೆಂದು ಹೇಳಿಕೊಂಡು ಮನೆಗೆ ಹೋದೆವು.

ಆ ವಾರ ನಾನು ಅಂಗಡಿ ಮುಚ್ಚಿದ ಮೇಲೆ ಮಾಡಿದ ಕೆಲಸವನ್ನು ತಮ್ಮ ವಿನ್ಯಾಸಕಾರರು ದಯವಿಟ್ಟು ಕೂತುಕೊಂಡು ಓದಬೇಕು. ತುಪ್ಪಳವನ್ನು ಕ್ಷೌರದ ಮೆಷಿನ್ನಿನಿಂದ ಬೋಳಿಸಿದೆ, ಅಲ್ಲಲ್ಲಿ ತುಸು ಉಳಿದು ತುರಿ ಹತ್ತಿದ ನಾಯಿಯ ಮೈಯಂತಾಯಿತು. ಕಾನ್‌ಜಿ ಗರಗಸ ತಂದು ಹೀಲನ್ನು ಕೊಯ್ದು, ಬಸ್ಸಿನ ಹಳೆಯ ಟ್ಯೂಬನ್ನು ಕತ್ತರಿಸಿ ಅಟ್ಟೆಗೆ ಅಂಟಿಸಿದರು, ಅದರ ಮೇಲೆ ನಾನು ಹುಲ್ಲಿನ ಹಗ್ಗವನ್ನು ಬಿಗಿಯಾಗಿ ಸುತ್ತಿದೆ. ಬೇಸಿಗೆಯಲ್ಲೇ ಹಸಿ ಕಾಕಿ ಕಾಯಿ ಜಜ್ಜಿ ಕೊಳೆಯಿಟ್ಟಿದ್ದ ರಸವನ್ನು ಮೂರು ಕೋಟು ಬಳಿದೆ. ಗುಲಾಬಿಯ ಮೇಲೆ ಆ ಕಂದು ಬಣ್ಣ ಕೂತು, ವಾಂತಿಗೂ ವ್ರಣಕ್ಕೂ ನಡುವಿನ ಯಾವುದೋ ಬಣ್ಣವಾಯಿತು. ವಾಸನೆಯ ಬಗ್ಗೆ ನಾನು ಬರೆಯುವುದಿಲ್ಲ, ಕಾಗದಕ್ಕೆ ಹತ್ತಿಕೊಂಡೀತು. “ನೋಡೇ, ಇವತ್ತಿಂದ ಒಳಗಡೆ ಇದಿರ್ಬೇಕು, ಇಲ್ಲಾ ನಾನಿರ್ಬೇಕು” ಎಂದರು ಕಾನ್‌ಜಿ. ನಾನು ಯೋಚಿಸಲು ಸ್ವಲ್ಪ ಸಮಯ ಕೇಳಿದೆ.

ಬಂಗಾರದ ಅಕ್ಷರಗಳು ಮಾತ್ರ ಬಲು ಗಟ್ಟಿ. ತಮ್ಮ ಅಟ್ಟೆಗಿಂತ ತಮ್ಮ ಅಚ್ಚು ಬಾಳಿಕೆಯದು ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಹಳೆಯ ಕತ್ತಿ ಹಿಡಿದು ಕೆರೆದೆ, ಕೆರೆದೆ, ಕೈ ಸೋತಿತು. ‘ಬೆಟ್ಟದ’ ಎಂಬುದು ಹಾಗೇ ಉಳಿಯಿತು. ‘ರಾಜಕುಮಾರಿ’ಯಲ್ಲಿ ಮೊದಲ ಮೂರು ಅಕ್ಷರ ಮಾತ್ರ ಎದ್ದು ಬಂದವು. ಕಾನ್‌ಜಿ ಬೂಟನ್ನು ದೀಪಕ್ಕೆ ಹಿಡಿದು ಓದಿದರು: “ಬೆಟ್ಟದ ಮಾರಿ.” ಓದಿ, ನನ್ನನ್ನೊಮ್ಮೆ ನೋಡಿ, “ಈಗ ಸರಿಯಾಯ್ತು” ಎಂದರು.

ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ನಾನು ನಿಂತಾಗ ನಾಯಿ ಗೊಂಟಾ ಮೊದಲು ನನ್ನ ಕಾಲು ಮೂಸಿ, ಬಾಲವನ್ನು ಹೊಟ್ಟೆಯಡಿಗೆ ಎಳೆದುಕೊಂಡು ಅಜ್ಜನ ಹಿಂದೆ ಅಡಗಿತು. ಅಜ್ಜ ಕನ್ನಡಕ ಹಾಕಿಕೊಂಡರು. ಸುತ್ತು ಬಂದರು. ಎದೆಯ ಜೇಬಿನಿಂದ ಪೊಟ್ಟಣ ತೆಗೆದು, ಒಂದೊಂದೇ ಪದರ ಬಿಚ್ಚಿ, ಒಕೊಜೆ ಮೀನನ್ನು ನನ್ನ ಬಲಗಾಲ ಪಕ್ಕದಲ್ಲಿ ಹಿಡಿದು ನೋಡಿದರು. ಮೀನನ್ನು ನೋಡಿದರು, ಬೂಟನ್ನು ನೋಡಿದರು.

“ಸೋತ್ಹೋಯ್ತು ಕಣಮ್ಮಾ!” ಎಂದು ಕೂಗಿದರು ಅಜ್ಜ. “ಮೀನು ಸೋತ್ಹೋಯ್ತು! ಇದರ ಮುಂದೆ ನಮ್ಮ ಒಕೊಜೆ ಸಿನಿಮಾ ಹೀರೊಯಿನ್ನು!”

ಮುದುಕರೆಲ್ಲ ನಕ್ಕರು, ನಕ್ಕು ನಕ್ಕು ಕೆಮ್ಮಿದರು. ಅದೇ ಹೊತ್ತಿಗೆ ಮೇಲಿನಿಂದ ಗಾಳಿ ಬೀಸಿ ಕಾಡೆಲ್ಲ ಗಲಗಲ ಎಂದಿತು. ದೇವಿ ನಕ್ಕಳು ಎಂದು ಅಜ್ಜ ಹೇಳಿದರು. ತಾವು ವಿದ್ಯಾವಂತರು, ಗಾಳಿಯೆಂದೇ ಇಟ್ಟುಕೊಳ್ಳಿ.

ಅವತ್ತು ಹೊಳೆಯ ಬಂಡೆಯ ಮೇಲೆ ಹುಲ್ಲಿನ ಹಗ್ಗ ಅಂಟಿದಂತೆ ನಿಂತಿತು. ನಾಯಿಗಳು ಕೂಗಿದವು, ಪೊದೆ ಅಲ್ಲಾಡಿತು. ಅದೇ ಹಂದಿಯೋ ಅದರ ತಮ್ಮನೋ ಗೊತ್ತಿಲ್ಲ, ಬಂತು. ನಾನು ಹೆಜ್ಜೆ ಊರಿದೆ, ಒಂದೇ ಗುಂಡು. ಹಂದಿ ಹೊಳೆಯ ಅಂಚಿನಲ್ಲಿ ಮುಗ್ಗರಿಸಿ ಬಿದ್ದು ಮತ್ತೆ ಏಳಲಿಲ್ಲ. ಗೆಣಸಿನ ಮೇಲಿನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ, ಸತ್ತ ಪ್ರಾಣಿಗೆ ಬಗ್ಗಿ ನಮಸ್ಕರಿಸಿದೆ. ವಾಕಿ-ಟಾಕಿ ಕರಕರ ಎಂದಿತು.

“ಹೊಳೆ ಮಬುಶಿ, ಬಂತಾ?”

“ಬಂತು.”

“ಕೂತ್ಯಾ?”

“ನಿಂತೆ ಅಜ್ಜ.”



ಚಪ್ಪರದಲ್ಲಿ ಹಲಗೆಯ ಮೇಲೆ ಅಜ್ಜ ತಾವೇ ಪಾಲು ಹಾಕಿದರು. ಹೆಸರು ಕರೆದಂತೆ ಒಬ್ಬೊಬ್ಬರೇ ಬಂದು ತೆಗೆದುಕೊಂಡರು. “ತಾಮಾಯೊ” ಎಂದು ಕರೆದಾಗ ನಾನು ಅಭ್ಯಾಸಬಲದಿಂದ ಸೌಟು ಹಿಡಿದುಕೊಂಡೇ ಹೋದೆ. ಪಾಲು ಭಾರವಾಗಿತ್ತು, ಬೆಚ್ಚಗಿತ್ತು. ಗೊಂಟಾನ ಪಾಲು ನನ್ನದರ ನಂತರ ಬಂತು, ಅವನು ನನ್ನ ಮುಖ ನೋಡಲಿಲ್ಲ. ಕೊನೆಯಲ್ಲಿ ಹಲಗೆಯ ಮೇಲೆ ಒಂದು ಪಾಲು ಉಳಿಯಿತು.

“ಇದ್ಯಾರದು ಅಜ್ಜ?”

“ಬೂಟಿನದು. ಬಿಚ್ಚಿ ಕೊಡು ಇಲ್ಲಿ.”

“ಬೂಟು ಯಾಕೆ?”

“ಯಾಕೆ ಅಂದ್ರೆ? ದೇವಿನ ನಗಿಸಿದ ವಸ್ತು ತಾಯಿ ಅದು! ಅದನ್ನ ಕಾಲಿಗೆ ಹಾಕ್ಕೊಂಡು ಕೆಸರಲ್ಲಿ ತುಳೀತಾರಾ ಯಾರಾದ್ರೂ?”

ಹೀಗೆಂದು ಅವರು ನನ್ನ ಎರಡೂ ಬೂಟುಗಳನ್ನು ಪದರ ಪದರ ಕಾಗದದಲ್ಲಿ ಸುತ್ತಿ, ಕಾಗದ ಸಾಲದೆ ನಿನ್ನೆಯ ಪೇಪರನ್ನೂ ಸುತ್ತಿ, ಗುಡಿಯೊಳಗೆ ದ್ರಾಕ್ಷಿ ಬಳ್ಳಿಯಿಂದ ಕಟ್ಟಿ ಇಟ್ಟರು. ಇನ್ನು ಮುಂದೆ ಹಂದಿ ಸಿಗದ ದಿನ ಮಾತ್ರ ಬೆರಳಷ್ಟು ಬಿಚ್ಚಿ ತೋರಿಸುವುದಂತೆ. ಪಕ್ಕದ ಊರಿನ ತಂಡದವರು ಈಗಾಗಲೇ ಎರಡು ದಿನಕ್ಕೆ ಎರವಲು ಕೇಳಿಕೊಂಡು ಬಂದು ಹೋಗಿದ್ದಾರೆ. ನಾನು ಪಾಲನ್ನು ಹೆಗಲ ಮೇಲೆ ಹೊತ್ತುಕೊಂಡು ಬರಿ ಕಾಲುಚೀಲದಲ್ಲಿ ಹಿಮ ಬಿದ್ದ ದಾರಿ ಇಳಿದು ಮನೆಗೆ ಬಂದೆ. ಮೇಲೆ ಹೇಳಿದ ಬೋಗುಣಿಯ ಉಳಿದರ್ಧ ಕಾರಣ ಇದು.

ಈಗ ನನಗೆ ಜಾಗವಿದೆ, ಪಾಲಿದೆ, ಮುಂದಿನ ಭಾನುವಾರವೂ ಇದೆ. ಬೂಟಿಲ್ಲ. ಆದ್ದರಿಂದ ಅತ್ಯಂತ ವಿನಯದಿಂದ ಕೇಳಿಕೊಳ್ಳುವುದೇನೆಂದರೆ, ತಮ್ಮ ಆ ದೊಡ್ಡ ಗೋಡೆಯ ಬೂಟುಗಳಲ್ಲಿ ಯಾವುದಾದರೂ ಒಂದನ್ನು, ಅದೇ ಮೊಳೆ, ಅದೇ ಕೊಳೆತ ಎಲೆಯ ಬಣ್ಣದೊಂದಿಗೆ, ಇಪ್ಪತ್ತೆರಡೂವರೆ ಸೆಂಟಿಮೀಟರಿಗೆ ಇಳಿಸಿ ಹೊಯ್ಯಬೇಕು. ಹೆಸರು ಇಡಲೇಬೇಕೆಂದಿದ್ದರೆ ‘ಒಕೊಜೆ’ ಎಂದಿಡಿ, ದೇವಿಯವರ ಅಭ್ಯಂತರವಿಲ್ಲ. ಇದು ತಮ್ಮ ವಿಜ್ಞಾನಕ್ಕೆ ಮೀರಿದ್ದಾದರೆ ತಮ್ಮ ಹೆಸರಿಡುವ ಪಂಡಿತರನ್ನು ರಾಜಕುಮಾರಿಯ ಚೆರ್ರಿ ಹೂವಿನ ಬಣ್ಣದ ಜೊತೆ ತೊಡಿಸಿ ನಮ್ಮ ಹೊಳೆ ಮಬುಶಿಗೆ ಒಂದು ದಿನ ಕಳಿಸಿಕೊಡಿ, ಕೂರಲು ಹೊಳೆ ಬೇಕಾದಷ್ಟು ವಿಶಾಲವಾಗಿದೆ. ಅದೂ ಆಗದಿದ್ದರೆ ಮುಂದಿನ ಕ್ಯಾಟಲಾಗಿನ ಮುಖಪುಟದಲ್ಲಿ, ಈ ಸಲ ಅಣಬೆ ಬುಟ್ಟಿ ಹಿಡಿದು ನಿಂತ ತರುಣಿಯ ಬದಲಿಗೆ ಗೆನ್ಶಿರೊ ಅಜ್ಜನ ಚಿತ್ರ ಹಾಕಿ, ಕೆಳಗೆ ‘ದೇವಿಯೇ ನಕ್ಕ ಬೂಟು’ ಎಂದು ಬರೆಸಿ. ಅಜ್ಜ ಒಪ್ಪಿದ್ದಾರೆ, ಎಡಗಡೆಯ ಮೀಸೆ ಬೆಳೆಯುವವರೆಗೆ ಕಾಯಬೇಕಷ್ಟೆ. ತಾವೇ ಖುದ್ದಾಗಿ ಬಂದು ಮಾತಾಡುವುದಾದರೆ ಇನ್ನೂ ಸಂತೋಷ. ತಮ್ಮ ಕ್ಷೌರ ನನ್ನ ಕೈಯಲ್ಲಿ, ಉಚಿತವಾಗಿ. ಕುರ್ಚಿಯಲ್ಲಿ ಒರಗಿ, ನೊರೆ ಹಚ್ಚಿಸಿಕೊಂಡು, ನನ್ನ ಬೇಡಿಕೆಗಳನ್ನು ಆರಾಮವಾಗಿ ಕೇಳಬಹುದು.

ತಮ್ಮ ವಿಶ್ವಾಸಿ, ಸದ್ಯಕ್ಕೆ ಕಾಲುಚೀಲದಲ್ಲಿರುವ,
ಕುರೊಗಿ ತಾಮಾಯೊ
ಹೊಳೆ ಮಬುಶಿ, ಹಿಸೊದಾನಿ

ಮರೆತ ಮಾತು: ಲಕೋಟೆ ಅಂಟಿಸುವ ಹೊತ್ತಿಗೆ ತಮ್ಮ ಕಂಪನಿಯಿಂದ ಪಾರ್ಸೆಲ್ ಬಂತು. ರಾಜಕುಮಾರಿಯನ್ನು ಕೊಂಡವರಿಗೆ ಪ್ರೀತಿಯ ಉಡುಗೊರೆಯೆಂದು ಅದೇ ಗುಲಾಬಿ ಬಣ್ಣದ ಅಡುಗೆ ಮೇಲಂಗಿ, ಎದೆಯ ಮೇಲೆ ‘ಬೇಟೆಗಾರರ ಮನೆಯೊಡತಿ’ ಎಂದು ಬಂಗಾರದ ಅಕ್ಷರ. ಬಹಳ ಉಪಯೋಗವಾಯಿತು, ಕಾನ್‌ಜಿಗೆ ಅಳತೆ ಸರಿಯಾಗಿ ಕೂತಿದೆ. ಭಾನುವಾರ ಚಪ್ಪರದಲ್ಲಿ ಮೂಳೆ ಸಾರು ಕುದಿಸುವವರು ಇನ್ನು ಅವರೇ. ಆದರೆ ಅಡುಗೆ ಮಾಡಿದವರಿಗೂ ಒಂದು ಪಾಲು ಬೇಕೆಂದು ಈಗಿನಿಂದಲೇ ತಕರಾರು ಶುರು ಮಾಡಿದ್ದಾರೆ. ಮಾತು ನ್ಯಾಯವಾದದ್ದೇ. ಗೆನ್ಶಿರೊ ಅಜ್ಜ ಗುರುವಾರ ಕ್ಷೌರಕ್ಕೆ ಬರುತ್ತಾರೆ, ನೊರೆ ಹಚ್ಚಿದ ಮೇಲೆ ಕೇಳುತ್ತೇನೆ.